ಬಿಡುವ ದಿನದವರೆಗೆ ಬದುಕಿಸಿಕೊಳ್ಳೋಣ

(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಚಟಗಳ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಲಾಗಿದೆ. ಚಟ ಕೆಟ್ಟದ್ದು ಎಂದು ನಿಮಗೆ ಹೇಳುವ ಅಗತ್ಯವಿಲ್ಲ. ಜುಮಾ ಖುತ್ಬಾದಲ್ಲಿ ಕೇಳಿದ್ದೀರಿ, ಶಾಲೆಯ ಗೋಡೆಯ ಮೇಲೆ ಓದಿದ್ದೀರಿ, ಗುಟ್ಕಾ ಚೀಟಿಯ ಮೇಲೆ ಅಚ್ಚಾದ ಬಾಯಿಹುಣ್ಣಿನ ಚಿತ್ರವನ್ನೂ ನೋಡಿದ್ದೀರಿ. ಆದರೂ ನಮ್ಮ ಮಕ್ಕಳಲ್ಲಿ ಕೆಲವರು ಅದಕ್ಕೆ ಅಂಟಿಕೊಂಡಿದ್ದಾರೆ. ಆದ್ದರಿಂದ ಇಂದು ನಾನು ಬೇರೆ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಈಗಾಗಲೇ ಚಟಕ್ಕೆ ಬಿದ್ದವನನ್ನು, ಇನ್ನೂ ಬಿಡಲಾಗದೆ ಇರುವವನನ್ನು ನಾವು ಏನು ಮಾಡಬೇಕು? ಬೈದು ಹೊರಗೆ ಹಾಕಬೇಕೋ, ಅವನು ಬಿಡುವ ದಿನದವರೆಗೆ ಅವನ ಜೀವ ಉಳಿಸಿಕೊಂಡು ಜೊತೆಗೆ ಇರಬೇಕೋ?

ವೈದ್ಯರು ಈ ಎರಡನೆಯ ದಾರಿಯನ್ನು ಹಾನಿ ತಗ್ಗಿಸುವುದು ಎನ್ನುತ್ತಾರೆ. ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಬಿಡಲಾಗದಿದ್ದರೆ ಕಡಿಮೆ ಮಾಡಲಿ. ಅದೂ ಆಗದಿದ್ದರೆ ಸಾವು, ರೋಗ, ಜೈಲು ಇವುಗಳಿಂದಲಾದರೂ ದೂರ ಇರಲಿ. ಇಷ್ಟೇ ಅದರ ಅರ್ಥ.

ಯಾವ ವಸ್ತುಗಳ ಬಗ್ಗೆ ಮಾತನಾಡುತ್ತಿದ್ದೇನೆ ಎಂಬುದನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ಹೆಂಡ, ಅಫೀಮು ಮೈಯನ್ನು ಮಂಕು ಮಾಡುತ್ತವೆ. ಇನ್ನು ಕೆಲವು ವಸ್ತುಗಳು ತದ್ವಿರುದ್ಧ. ಅವು ನಿದ್ದೆ ಓಡಿಸುತ್ತವೆ, ಹಸಿವು ಕಡಿಮೆ ಮಾಡುತ್ತವೆ, ಎದೆಬಡಿತ ಏರಿಸುತ್ತವೆ. ಇವುಗಳನ್ನು ಉತ್ತೇಜಕಗಳು ಎನ್ನುತ್ತಾರೆ. ಚಹಾ ಕಾಫಿಯಲ್ಲಿರುವ ಕೆಫೀನ್, ತಂಬಾಕಿನ ನಿಕೋಟಿನ್, ಅಡಿಕೆಯ ಅರೆಕೋಲಿನ್ ಈ ಗುಂಪಿನವು. ಕೊಕೇನ್, ಮೆಥಾಂಫೆಟಮಿನ್, ಪತ್ರಿಕೆಗಳಲ್ಲಿ ದಿನವೂ ಕಾಣುವ ಎಂಡಿಎಂಎ ಇವೂ ಇದೇ ಗುಂಪಿನವು. ಆದರೆ ಎಲ್ಲವೂ ಒಂದೇ ಅಲ್ಲ. 1511ರಲ್ಲಿ ಮಕ್ಕಾದ ಅಧಿಕಾರಿಯೊಬ್ಬರು ಕಾಫಿಯನ್ನೇ ನಿಷೇಧಿಸಿದ್ದರು. ಆ ನಿಷೇಧ ಹೆಚ್ಚು ಕಾಲ ನಿಲ್ಲಲಿಲ್ಲ. ಮುಂದೆ 17ನೇ ಶತಮಾನದಲ್ಲಿ ಬಾಬಾ ಬುಡನ್‌ರವರು ಯೆಮನ್‌ನ ಮೋಖಾದಿಂದ ಏಳು ಕಾಫಿ ಬೀಜ ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಐತಿಹ್ಯ ಹೇಳುತ್ತದೆ. ಒಂದು ಕಪ್ಪು ಕಾಫಿಯನ್ನೂ ಎಂಡಿಎಂಎ ಪುಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮಕ್ಕಳು ನಮ್ಮ ಮಾತನ್ನೇ ನಂಬುವುದಿಲ್ಲ. ಯಾವುದು ಎಷ್ಟು ಅಪಾಯ ಎಂದು ಸರಿಯಾಗಿ ಹೇಳುವುದೇ ಮೊದಲ ರಕ್ಷಣೆ.

ಇಲ್ಲಿ ಒಬ್ಬ ಹಿರಿಯರು ಕೇಳಬಹುದು: ಹಾಗಾದರೆ ಇದು ಹರಾಮಿಗೆ ದಾರಿ ಮಾಡಿಕೊಟ್ಟಂತೆ ಆಗಲಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಅಮಲಿನ ವಿಷಯದಲ್ಲಿ ಹುಕುಮ್ ಸ್ಪಷ್ಟವಾಗಿದೆ, ಅದನ್ನು ಸಡಿಲಿಸಲು ನಾನು ಯಾರು? ಆದರೆ ಆ ಹುಕುಮ್ ಬಂದ ರೀತಿಯನ್ನು ನೆನಪಿಸಿಕೊಳ್ಳಿ. ಮೊದಲು ಸೂರಃ ಅಲ್‌ಬಕರಾದಲ್ಲಿ ಮದ್ಯದ ಲಾಭಕ್ಕಿಂತ ಅದರ ಪಾಪ ದೊಡ್ಡದೆಂದು ತಿಳಿಸಲಾಯಿತು. ನಂತರ ಸೂರಃ ಅನ್ನಿಸಾದಲ್ಲಿ ಅಮಲಿನಲ್ಲಿರುವಾಗ ನಮಾಝಿನ ಹತ್ತಿರ ಹೋಗಬಾರದೆಂದು ಅಪ್ಪಣೆಯಾಯಿತು. ಕೊನೆಗೆ ಸೂರಃ ಅಲ್‌ಮಾಇದಾದಲ್ಲಿ ಅದನ್ನು ಪೂರ್ತಿ ತ್ಯಜಿಸಲು ಆದೇಶವಾಯಿತು. ಮನುಷ್ಯನನ್ನು ಸೃಷ್ಟಿಸಿದವನಿಗೆ ಮನುಷ್ಯನ ದೌರ್ಬಲ್ಯ ಗೊತ್ತಿತ್ತು.

ಸಹೀಹ್ ಬುಖಾರಿಯಲ್ಲಿ ಒಂದು ಘಟನೆ ಬರುತ್ತದೆ. ಕುಡಿದಿದ್ದ ಒಬ್ಬನನ್ನು ಪ್ರವಾದಿಯವರ (ಸ) ಮುಂದೆ ತರಲಾಯಿತು. ಶಿಕ್ಷೆಯೂ ಆಯಿತು. ಅವನು ಹೊರಟಾಗ ಯಾರೋ ಅವನಿಗೆ ಶಾಪ ಹಾಕಿದರು. ಪ್ರವಾದಿಯವರು (ಸ) ಅದನ್ನು ತಡೆದು, ನಿಮ್ಮ ಸಹೋದರನ ವಿರುದ್ಧ ಸೈತಾನನಿಗೆ ನೆರವಾಗಬೇಡಿ ಎಂಬ ಅರ್ಥದ ಮಾತು ಹೇಳಿದರು. ತಪ್ಪನ್ನು ತಪ್ಪೆಂದೇ ಹೇಳಿದರು, ಆದರೆ ಅವನನ್ನು ಸಹೋದರನ ಸ್ಥಾನದಿಂದ ಇಳಿಸಲಿಲ್ಲ. ನಾವು ಮಾಡುತ್ತಿರುವುದೇನು? ಮಗ ಗುಟ್ಕಾ ತಿಂದರೆ ಮೊದಲು ಕಪಾಳಕ್ಕೆ ಹೊಡೆಯುತ್ತೇವೆ. ದೊಡ್ಡ ಚಟವಾದರೆ ಮನೆಯಿಂದ ಹೊರಗೆ ಹಾಕುತ್ತೇವೆ. ಹೊರಗೆ ಬಿದ್ದವನನ್ನು ಕೈ ಹಿಡಿದು ಕರೆಯುವವನು ಅದನ್ನು ಮಾರುವವನೇ. ಎರಡು ಹಾನಿಗಳಲ್ಲಿ ಚಿಕ್ಕದನ್ನು ಆರಿಸಿಕೊಂಡು ದೊಡ್ಡದನ್ನು ತಪ್ಪಿಸಬೇಕೆಂಬುದು ನಮ್ಮ ಫಿಕ್ಹ್ ಶಾಸ್ತ್ರದ ಪ್ರಸಿದ್ಧ ನಿಯಮ. ಹಾನಿ ತಗ್ಗಿಸುವ ಕೆಲಸಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ. ಸವಣೂರಿನ ವೀಳ್ಯದೆಲೆಗೆ ದೂರದೂರದವರೆಗೆ ಹೆಸರಿದೆ. ಹಾನಗಲ್ಲ ಕಡೆ ಅಡಿಕೆ ತೋಟಗಳಿವೆ. ಎಲೆ ಅಡಿಕೆ ನಮ್ಮ ಮರ್ಯಾದೆಯ ಭಾಗ. ಮದುವೆ ಮಾತುಕತೆಯೂ ಅದರಿಂದಲೇ ಮುಗಿಯುತ್ತದೆ. ಎಲೆಯ ಮೇಲೆ ನನ್ನ ದೂರಿಲ್ಲ. ಆದರೆ ಅದರೊಳಗೆ ಸೇರುವ ತಂಬಾಕು ಮತ್ತು ಅಡಿಕೆಯ ಬಗ್ಗೆ ತಿಳಿದಿರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆದ್ದರಿಂದ ತಂಬಾಕು ಬಿಟ್ಟಿದ್ದೇನೆ, ಬರೀ ಸುಪಾರಿ ತಿನ್ನುತ್ತೇನೆ ಎನ್ನುವವನು ಅಪಾಯವನ್ನು ಕಡಿಮೆ ಮಾಡಿಕೊಂಡಿದ್ದಾನೆಯೇ ಹೊರತು ಅದರಿಂದ ಪಾರಾಗಿಲ್ಲ.

ಕರ್ನಾಟಕ ಸರ್ಕಾರ 2013ರ ಮೇ ತಿಂಗಳಿನಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಆದದ್ದು ನಿಮಗೆ ಗೊತ್ತು. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ಮತ್ತೆ ಗುಟ್ಕಾ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅದರಲ್ಲಿ ಸೇದುವವರಿಗಿಂತ ಬಾಯಿಗೆ ಹಾಕಿಕೊಳ್ಳುವವರೇ ಹೆಚ್ಚು. ಇಷ್ಟು ಜನರನ್ನು ಯಾವ ಕಾನೂನೂ ಒಂದೇ ದಿನದಲ್ಲಿ ಬಿಡಿಸಲಾರದು.

ಹಾಗಾದರೆ ಬಿಡಲಾಗದ ನಮ್ಮ ಹಮಾಲ ಸಹೋದರನಿಗೆ, ಗ್ಯಾರೇಜಿನ ಹುಡುಗನಿಗೆ, ಹೆದ್ದಾರಿಯ ಲಾರಿ ಚಾಲಕನಿಗೆ ಏನು ಹೇಳಬೇಕು? ರಾತ್ರಿ ಕೆನ್ನೆಯಲ್ಲಿ ತಂಬಾಕು ಇಟ್ಟುಕೊಂಡು ಮಲಗಬೇಡ. ಪ್ರತಿ ಸಲ ತಿಂದ ಮೇಲೆ ಬಾಯಿ ಚೆನ್ನಾಗಿ ಮುಕ್ಕಳಿಸು. ದಿನದ ಮೊದಲ ಚೀಟಿಯನ್ನು ಒಂದು ಗಂಟೆ ಮುಂದೂಡು, ಮರುವಾರ ಎರಡು ಗಂಟೆ. ಜೇಬಿನಲ್ಲಿ ಸರ ಇಟ್ಟುಕೊಳ್ಳಬೇಡ, ಬೇಕಾದಾಗ ಒಂದೇ ಕೊಳ್ಳು. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಬೆಳಕಿನಲ್ಲಿ ಬಾಯಿ ತೆರೆದು ನೋಡು: ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ, ಖಾರ ತಿಂದರೆ ಮೊದಲಿಗಿಂತ ಹೆಚ್ಚು ಉರಿಯುತ್ತದೆಯೇ? ನಿನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಟು ನೋಡು. ಹಿಡಿಯದಿದ್ದರೆ ಒಳಚರ್ಮ ಬಿಗಿಯುತ್ತಿದೆ ಎಂದರ್ಥ. ಇದು ಅಡಿಕೆಯಿಂದ ಬರುವ ರೋಗ. ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಇವುಗಳಲ್ಲಿ ಒಂದು ಕಂಡರೂ ಸರ್ಕಾರಿ ಆಸ್ಪತ್ರೆಯ ದಂತವೈದ್ಯರಿಗೆ ತೋರಿಸು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೇಗ ಹೋದವನು ಮಾತು, ಊಟ, ಮುಖ ಎಲ್ಲವನ್ನೂ ಉಳಿಸಿಕೊಂಡು ಬರಬಹುದು. ನಾಚಿಕೆಯಿಂದ ಆರು ತಿಂಗಳು ತಡ ಮಾಡಿದವನಿಗೆ ಆ ಭಾಗ್ಯ ಇರುವುದಿಲ್ಲ.

ಬಿಡಲು ಮನಸ್ಸಿದ್ದವರಿಗೆ ನಮ್ಮ ಬಳಿ ರಂಝಾನ್ ಇದೆ. ಸಹರಿಯಿಂದ ಇಫ್ತಾರಿನವರೆಗೆ ಹದಿಮೂರು ಹದಿನಾಲ್ಕು ಗಂಟೆ ತಂಬಾಕಿಲ್ಲದೆ ಇರುವವನು ತನ್ನಿಂದಾಗದು ಎನ್ನುವಂತಿಲ್ಲ. ಸೋಲು ಬರುವುದು ಇಫ್ತಾರ್ ಮುಗಿದ ಅರ್ಧ ಗಂಟೆಯಲ್ಲಿ. ಆ ಹೊತ್ತಿಗೆ ಅವನನ್ನು ಅಂಗಡಿಯ ಕಟ್ಟೆಗೆ ಬಿಡದೆ ಮಗ್ರಿಬಿನಿಂದ ತರಾವೀಹ್‌ವರೆಗೆ ಜೊತೆಗೆ ಇಟ್ಟುಕೊಳ್ಳಿ. ಮೊದಲ ಮೂರು ದಿನ ತಲೆನೋವು, ಸಿಟ್ಟು, ಚಡಪಡಿಕೆ ಜೋರಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. 2 ಮಿಲಿಗ್ರಾಂ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಉಪವಾಸದ ದಿನಗಳಲ್ಲಿ ರಾತ್ರಿ ಬಳಸಬಹುದು. ಸಾಮಾನ್ಯ ಚೂಯಿಂಗ್ ಗಮ್‌ನಂತೆ ಜಗಿಯುತ್ತಲೇ ಇರಬಾರದು. ಸ್ವಲ್ಪ ಜಗಿದು ಕೆನ್ನೆಯಲ್ಲಿ ಇಟ್ಟುಕೊಳ್ಳಬೇಕು. 1800 11 2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ತಂಬಾಕು ಬಿಡುವ ಬಗ್ಗೆ ಕನ್ನಡದಲ್ಲಿಯೇ ಸಲಹೆ ಕೊಡುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಈಗ ನಿಮ್ಮ ಮಾತು. ಪಿಯುಸಿ, ಸಿಇಟಿ, ನೀಟ್ ಎಂದು ರಾತ್ರಿಯೆಲ್ಲ ಎಚ್ಚರವಿರುವ ನೀವು ಎನರ್ಜಿ ಡ್ರಿಂಕ್‌ಗಳನ್ನು ಕುಡಿಯುತ್ತೀರಿ. ನಮ್ಮ ದೇಶದ ಆಹಾರ ನಿಯಮದಂತೆ ಇವುಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಒಂದರ ಮೇಲೊಂದು ಡಬ್ಬಿ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಓದಿದ್ದು ನಿಲ್ಲುವುದಿಲ್ಲ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಗಮನ ಹೆಚ್ಚಿಸುತ್ತದೆಂದು ಯಾರಾದರೂ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಅಂಥ ಮಾತ್ರೆಗಳು ಕೆಲವು ಮಕ್ಕಳಿಗೆ ವೈದ್ಯರು ಅಳೆದು ಬರೆದುಕೊಡುವ ಔಷಧಿ. ನಿಮಗೆ ಅದು ಔಷಧಿಯಲ್ಲ.

ಇನ್ನು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಿಗೆ ಓದಲು, ದುಡಿಯಲು ಹೋಗುವವರು ಎದುರಿಸಬೇಕಾದ ದೊಡ್ಡ ಅಪಾಯದ ಮಾತು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ ಆಂಫೆಟಮಿನ್ ಜಾತಿಯ ಉತ್ತೇಜಕ ಬಳಸುವವರು 10ರಿಂದ 75 ವಯಸ್ಸಿನವರಲ್ಲಿ ಶೇಕಡಾ 0.18. ಸಾವಿರಕ್ಕೆ ಇಬ್ಬರಷ್ಟು. ಎಲ್ಲರೂ ಮಾಡುತ್ತಾರೆ ಎಂದು ರೂಮಿನ ಗೆಳೆಯ ಹೇಳಿದರೆ ಅದು ಸುಳ್ಳು ಎಂದು ಈ ಅಂಕಿಯೇ ಹೇಳುತ್ತದೆ. ಆದರೆ ಆ ಇಬ್ಬರಲ್ಲಿ ಒಬ್ಬ ನಮ್ಮ ಮನೆಯವನಾಗಿದ್ದರೆ?

ಅವನಿಗೆ ತಿಳಿದಿರಬೇಕಾದ ಸಂಗತಿಗಳು ಇವು. ಪುಡಿಯಲ್ಲಿ ಏನಿದೆ ಎಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ನಿನ್ನೆ ತಡೆದುಕೊಂಡ ಅಳತೆ ಇಂದು ಕೊಲ್ಲಬಹುದು. ಇದನ್ನು ಮದ್ಯದೊಡನೆ ಬೆರೆಸಿದರೆ ಹೃದಯಕ್ಕೆ ಇನ್ನೂ ಅಪಾಯ. ಒಬ್ಬನೇ ಇರುವಾಗ ಏನಾದರೂ ಆದರೆ ಕರೆಯುವವರೂ ಇರುವುದಿಲ್ಲ. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಬರುತ್ತವೆ. ಮೂಗಿಗೆ ಹಾಕುವ ಕೊಳವೆ ಹಂಚಿಕೊಂಡರೂ ರಕ್ತದ ಮೂಲಕ ಸೋಂಕು ದಾಟಬಹುದು. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರದಲ್ಲಿ ಉಚಿತ. 2017ರ ಕಾಯ್ದೆಯಂತೆ ಅದರ ಫಲಿತಾಂಶವನ್ನು ಗುಟ್ಟಾಗಿಡಬೇಕು. ಅಮಲು ಇಳಿದ ಮೇಲಿನ ಎರಡು ಮೂರು ದಿನ ಮನಸ್ಸು ಪಾತಾಳಕ್ಕೆ ಇಳಿಯುತ್ತದೆ, ಸಾಯುವ ಯೋಚನೆಯೂ ಬರಬಹುದು. ಆಗ ಅವನನ್ನು ಒಂಟಿಯಾಗಿ ಬಿಡಬಾರದು.

ಅವನ ಜೊತೆಗಿರುವ ಗೆಳೆಯರು ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಎದೆನೋವು, ಮೈ ಕೆಂಡದಂತೆ ಸುಡುವುದು, ಫಿಟ್ಸ್, ಗುರುತು ಹಿಡಿಯಲಾಗದ ಗೊಂದಲ, ಎಚ್ಚರ ತಪ್ಪುವುದು ಇವುಗಳಲ್ಲಿ ಒಂದಾದರೂ ಕೂಡಲೇ 108ಕ್ಕೆ ಕರೆ ಮಾಡಿ. ತಂಪಾದ ಜಾಗಕ್ಕೆ ತನ್ನಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಬೀಸಿ. ಎಚ್ಚರ ತಪ್ಪಿದ್ದು ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಹಾಲು, ನಿಂಬೆರಸ, ಉಪ್ಪುನೀರು ಯಾವುದನ್ನೂ ಬಾಯಿಗೆ ಸುರಿಯಬೇಡಿ. ಫಿಟ್ಸ್ ಬಂದವನ ಕೈಗೆ ಕೀಲಿಕೈ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಅವನು ಏನು ತೆಗೆದುಕೊಂಡಿದ್ದ, ಯಾವಾಗ ತೆಗೆದುಕೊಂಡ ಎಂಬುದನ್ನು ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿ. ಪೊಲೀಸರ ಹೆದರಿಕೆಯಿಂದ ಓಡಿಹೋಗಬೇಡಿ. ಜೀವವಿದ್ದರೆ ಮಿಕ್ಕಿದ್ದನ್ನು ಆಮೇಲೆ ಸರಿಪಡಿಸಬಹುದು.

ಕಾನೂನನ್ನೂ ತಿಳಿದುಕೊಳ್ಳಿ. ಮಾದಕ ವಸ್ತುಗಳ ಕಾಯ್ದೆ 1985ರದು. ಎಂಡಿಎಂಎ ವಿಷಯದಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಇದ್ದರೆ ಅಲ್ಪ ಪ್ರಮಾಣ. 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ ಹತ್ತು ವರ್ಷ ಸೆರೆ. ಹತ್ತು ಗ್ರಾಂ ಎಂದರೆ ಎರಡು ಚಮಚೆಯಷ್ಟು ಪುಡಿ. ಆದ್ದರಿಂದ ಗೆಳೆಯನ ಪೊಟ್ಟಣವನ್ನು ಒಂದು ರಾತ್ರಿಗೂ ನಿಮ್ಮ ಚೀಲದಲ್ಲಿ ಇಟ್ಟುಕೊಳ್ಳಬೇಡಿ. ಆದರೆ ಇದೇ ಕಾಯ್ದೆಯ 64ಎ ಕಲಮಿನಲ್ಲಿ ದಯೆಯ ಬಾಗಿಲೂ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ಣಗೊಳಿಸಿದರೆ ಆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ವಕೀಲರಾಗಿರುವ ನಮ್ಮ ಸದಸ್ಯರು ಇದನ್ನು ಪ್ರತಿ ಜಮಾಅತ್‌ಗೂ ತಿಳಿಸಬೇಕು.

ತಾಯಂದಿರೇ, ಉತ್ತೇಜಕಗಳನ್ನು ಹೆಚ್ಚು ಬಳಸಿದವನು ನಿದ್ದೆಯಿಲ್ಲದೆ ಅನುಮಾನ ಪಡುತ್ತಾನೆ, ಇಲ್ಲದ ದನಿ ಕೇಳಿಸಿಕೊಳ್ಳುತ್ತಾನೆ. ಅಸರ್ ಆಗಿದೆ ಎಂದು ಊರೂರು ಸುತ್ತಿಸುತ್ತೇವೆ, ಕೆಲವೆಡೆ ಸರಪಳಿಯಿಂದ ಕಟ್ಟುವುದೂ ಉಂಟು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ದರ್ಗಾದ ಹತ್ತಿರದ ಆಶ್ರಯದಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು, 28 ಜೀವಗಳು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ದುಆ ಮಾಡಿ, ತಪ್ಪಿಲ್ಲ. ಜೊತೆಗೆ ವೈದ್ಯರ ಬಳಿಯೂ ಕರೆದುಕೊಂಡು ಹೋಗಿ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಯಾವುದೆಂದು ವಿಚಾರಿಸಿಟ್ಟುಕೊಳ್ಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 14416 ಎಂಬ ಟೆಲಿ ಮಾನಸ್ ಸಂಖ್ಯೆ ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡುತ್ತದೆ. ಮಾದಕ ವ್ಯಸನಕ್ಕೆಂದೇ 14446 ಇದೆ.

ಒಂದು ಮಾತು ಗಮನದಲ್ಲಿರಲಿ. ಅಫೀಮಿನ ಚಟಕ್ಕೆ ಬದಲಿ ಔಷಧಿ ಕೊಡುವ ಪದ್ಧತಿ ಇದೆ. ಎಂಡಿಎಂಎ, ಮೆಥ್, ಕೊಕೇನ್‌ಗೆ ಅಂಥ ಸಿದ್ಧ ಔಷಧಿ ಇಲ್ಲ. ಇಲ್ಲಿ ಹೆಚ್ಚು ಕೆಲಸ ಮಾಡುವುದು ಆಪ್ತಸಲಹೆ, ಬಿಟ್ಟ ಪ್ರತಿ ವಾರಕ್ಕೂ ಒಂದು ಸಣ್ಣ ಬಹುಮಾನ, ದಿನವನ್ನು ತುಂಬುವ ದುಡಿಮೆ ಮತ್ತು ಜೊತೆಗಿರುವ ಜನ. ಅಂದರೆ ಈ ಔಷಧಿಯ ದೊಡ್ಡ ಪಾಲು ನಮ್ಮ ಕೈಯಲ್ಲೇ ಇದೆ. ಬಿಟ್ಟವನು ಮತ್ತೆ ಬೀಳಬಹುದು. ಬಿದ್ದಾಗ ಎಷ್ಟು ದಿನ ಬಿಟ್ಟಿದ್ದ ಎಂದು ಕೇಳಿ. ಇಪ್ಪತ್ತು ದಿನ ಎಂದರೆ ಆ ಇಪ್ಪತ್ತನ್ನು ಮೆಚ್ಚಿ, ಮುಂದಿನ ಸಲ ನಲವತ್ತಕ್ಕೆ ಯೋಚನೆ ಮಾಡಿ.

ಕೊನೆಯದಾಗಿ ನಮ್ಮ ಸಂಸ್ಥೆಗೆ ನಾಲ್ಕು ವಿನಂತಿಗಳು. ಒಂದು, ನಮ್ಮವರು ನಡೆಸುವ ಶಾಲೆ, ಹಾಸ್ಟೆಲುಗಳಲ್ಲಿ ಚಟ ಸಿಕ್ಕಿಬಿದ್ದ ಹುಡುಗನನ್ನು ಮೊದಲ ಸಲಕ್ಕೇ ಹೊರಹಾಕುವ, ವಿದ್ಯಾರ್ಥಿವೇತನ ನಿಲ್ಲಿಸುವ ಪದ್ಧತಿ ಬೇಡ. ಮಾರುವವನ ಮಾತು ಬೇರೆ. ಬಳಸುವವನನ್ನು ಮೊದಲು ಚಿಕಿತ್ಸೆಗೆ ಕಳಿಸಿ, ಓದು ಮುಂದುವರಿಸಲು ಬಿಡಿ. ಶಾಲೆ ತಪ್ಪಿದ ಹುಡುಗನಿಗೆ ಕಟ್ಟೆಯೇ ಶಾಲೆಯಾಗುತ್ತದೆ. ಎರಡು, ಪ್ರತಿ ತಾಲ್ಲೂಕಿನಲ್ಲಿ ಇಬ್ಬರು ಹಿರಿಯರು ಮತ್ತು ಒಬ್ಬ ತಾಯಿ ಇರಲಿ. ಅವರಿಗೆ ಹೇಳಿದ ಗುಟ್ಟು ಊರಿಗೆ ಹಬ್ಬಬಾರದು. ಮೂರು, ವರ್ಷಕ್ಕೊಮ್ಮೆ ನಾಲ್ಕೂ ಊರುಗಳಲ್ಲಿ ದಂತವೈದ್ಯರಿಂದ ಬಾಯಿ ತಪಾಸಣೆ ಶಿಬಿರ ನಡೆಯಲಿ. ತಿನ್ನುವವರನ್ನು ಬೈಯಲು ಅಲ್ಲ, ನೋಡಲು. ನಾಲ್ಕು, ನಮ್ಮ ಅಂಗಡಿಕಾರರು ಮಕ್ಕಳ ಕೈಗೆ ತಂಬಾಕು ಕೊಡುವುದಿಲ್ಲವೆಂದು ಮಾತು ಕೊಡಲಿ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಏಳು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ ಎಂಬುದನ್ನು ಪ್ರೀತಿಯಿಂದಲೇ ನೆನಪಿಸೋಣ.

ಚಟ ಬಿಡುವುದು ಅವನ ಕೆಲಸ. ಅದಕ್ಕೆ ಅವನು ಜೀವಂತ ಇರಬೇಕು, ಹತ್ತಿರ ಇರಬೇಕು. ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ತೌಬಾದ ಬಾಗಿಲನ್ನು ಅಲ್ಲಾಹನು ಕೊನೆಯ ಉಸಿರಿನವರೆಗೆ ತೆರೆದಿಟ್ಟಿರುವಾಗ ಮನೆಯ ಬಾಗಿಲನ್ನು ನಾವು ಮುಚ್ಚುವುದು ಬೇಡ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ಬಿದ್ದವರಿಗೆ ಏಳುವ ಶಕ್ತಿಯನ್ನೂ ನಮಗೆ ಕೈ ಕೊಡುವ ತೌಫೀಕನ್ನೂ ದಯಪಾಲಿಸಲಿ. ಆಮೀನ್.